ಅನ್ನ ಬೇಯದ ಮನೆಯ ಹೂಜಿ ಗಿಡ

ಊರಿನ ಹೆಸರು ಬೇಡ. ಹೆಸರು ಹೇಳಿದರೆ 'ಸದ್ಯ, ನಮ್ಮೂರಲ್ಲ' ಅಂತ ನೀವು ನಿರಾಳವಾಗಿ ಕೂತುಬಿಡುತ್ತೀರಿ. ಅಲ್ಲೊಬ್ಬ ಸಾಹುಕಾರ. ಮದುವೆಯಾದವನಲ್ಲ. ಗಂಡ ತೀರಿಕೊಂಡ ಮೇಲೆ ಅವನ ಜೊತೆ ಇರಲು ಬಂದಿದ್ದ ಅಕ್ಕನೇ ಮನೆ ನಡೆಸುತ್ತಿದ್ದಳು.

ಆ ಅಕ್ಕ ಅಡುಗೆಮನೆ ಕಿಟಕಿಗೆ ಒಂದು ಹೂಜಿ ಗಿಡ ತೂಗುಹಾಕಿದ್ದಳು. ನೋಡಿದ್ದೀರಾ ಹೂಜಿ ಗಿಡವನ್ನು? ಎಲೆಯ ತುದಿಯಿಂದ ಒಂದು ಎಳೆ ಇಳಿಯುತ್ತದೆ, ಎಳೆಯ ಕೊನೆ ಉಬ್ಬಿ ಹೂಜಿಯಾಗುತ್ತದೆ. ಗುಬ್ಬಚ್ಚಿ ನೀರಿಗೆ ಹೊರಟರೆ ಸೊಂಟಕ್ಕಿಟ್ಟುಕೊಳ್ಳಬಹುದಾದಷ್ಟು ಪುಟ್ಟದು. ಮೇಲೊಂದು ಮುಚ್ಚಳ, ಒಳಗೊಂದು ಗುಟುಕು ನೀರು. ದಾರಿ ತಪ್ಪಿ ಬಿದ್ದ ಇರುವೆ, ನೊಣ ಅದರ ಊಟ. ಎರಡು ಜಾತಿ ಕೂಡಿಸಿ ಬೆಳೆಸಿದ ಗಟ್ಟಿ ತಳಿ ಅದು, ಗೊಬ್ಬರ ಕೇಳುವುದಿಲ್ಲ. ಬೋರ್‌ವೆಲ್ ನೀರು ಮಾತ್ರ ಆಗಿಬರದು. ಅಕ್ಕ ಮಳೆ ನೀರು ಹಿಡಿದಿಟ್ಟು ಹಾಕುತ್ತಿದ್ದಳು. ಹೊಸ ಹೂಜಿಯ ಮುಚ್ಚಳ ತೆರೆದ ದಿನ ಅಲ್ಲಿಂದಲೇ ಕೂಗು: "ತಮ್ಮಾ, ಬಾರೋ ಇಲ್ಲಿ, ಬಾಯಿ ಬಿಟ್ಟಿದೆ!"

"ಅದು ಈಗ ಬಿಡ್ತು. ನೀನು ಹುಟ್ಟಿದಾಗಿಂದ ಮುಚ್ಚೇ ಇಲ್ಲ" ಅನ್ನುತ್ತಲೇ ಅವನು ಎದ್ದು ಬರುತ್ತಿದ್ದ. ಇಬ್ಬರೂ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದರು. ಅಷ್ಟೇ.

ಒಂದು ದಿನ ಅವನು ಅಡುಗೆಮನೆ ಹೊಸದು ಮಾಡಿಸುವ ಮಾತೆತ್ತಿದ.

"ಈ ಕಿಟಕಿ ಮುಚ್ಚಿಸ್ತೀನಿ."

"ಗಿಡಕ್ಕೆ ಬೆಳಕು ಬೇಡ್ವೇನೋ? ಕಿಟಕಿ ತಂಟೆಗೆ ಬರಬೇಡ."

"ಮನೆ ನಂದು" ಅಂದುಬಿಟ್ಟ.

ಎರಡೇ ಪದ. ನೋಡಿ, ಎರಡೇ ಪದ! ಅಕ್ಕ ಒಲೆ ಆರಿಸಿದಳು. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ನಾಲ್ಕು ಸೀರೆ ಚೀಲಕ್ಕೆ ತುಂಬಿ ಪಕ್ಕದೂರಿಗೆ ಹೋಗಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅವನು ತಡೆಯಲಿಲ್ಲ. ಕಿಟಕಿ ಮುಚ್ಚಿಸಲೂ ಇಲ್ಲ.

ಮೆಸ್ಸಿನಿಂದ ಕ್ಯಾರಿಯರ್‌ನಲ್ಲಿ ಊಟ ಬರತೊಡಗಿತು. ಗಿಡವನ್ನು ಮರೆತನೇ? ಇಲ್ಲ. ಮಳೆ ನೀರನ್ನೇ ಹಾಕಿದ. ಆದರೂ ಹಳೆಯ ಹೂಜಿಗಳು ಒಂದೊಂದಾಗಿ ಕಂದಿದವು. ಹೊಸ ಎಲೆ ಬಂತು, ಎಳೆ ಇಳಿಯಿತು, ತುದಿ ಒಣಗಿ ಕಪ್ಪಾಯಿತು. ಆರು ತಿಂಗಳು ಒಂದೂ ಹೂಜಿಯಿಲ್ಲ. ಅಕ್ಕ ಬಿಟ್ಟುಹೋದದ್ದು ಅದೊಂದೇ, ಅದೂ ಹೋದರೆ?

ನರ್ಸರಿಯ ಹೆಂಗಸಿನ ಹತ್ತಿರ ಗಿಡ ಒಯ್ದ. ಅವಳು ಎಲೆ ಮುಟ್ಟಿ ನೋಡಿ ಕೇಳಿದಳು: "ಎಲ್ಲಿ ತೂಗುಹಾಕಿದ್ದೀರಿ?"

"ಅಡುಗೆಮನೇಲಿ."

"ಅಲ್ಲಿ ಅನ್ನ ಬೇಯುತ್ತಾ?"

"ಇಲ್ಲ, ಊಟ ಮೆಸ್ಸಿನಿಂದ ಬರುತ್ತೆ."

"ಇದಕ್ಕೆ ಗಾಳೀಲಿ ತೇವ ಬೇಕು ಸ್ವಾಮಿ. ಅನ್ನದ ಹಬೆ, ಕುದಿಯೋ ನೀರಿನ ಹಬೆ. ಒಲೆ ಹಚ್ಚೋರಿಲ್ಲ ಅಂದ್ರೆ ಹಬೆ ಬಿಡೋ ಯಂತ್ರ ಸಿಗುತ್ತೆ, ತಗೊಳ್ಳಿ."

ತಂದ. ಯಂತ್ರ ಹಗಲೆಲ್ಲ ಹುಸ್ ಅನ್ನುತ್ತಾ ಕೂತಿತು. ಗಿಡ ಸತ್ತು ಅವನಿಗೆ ಬುದ್ಧಿ ಬಂತು ಅಂತ ತಾನೇ ನೀವು ಕಾಯುತ್ತಿರೋದು? ಗಿಡ ಸಾಯಲಿಲ್ಲ! ಗಿಡಕ್ಕೆ ಯಂತ್ರದ ಹಬೆಯೇ ಸಾಕಾಯಿತು. ಎರಡು ತಿಂಗಳಿಗೆ ಒಂದು ಬೆಳಿಗ್ಗೆ, ಕೆಂಪು ಚುಕ್ಕೆಯ ಹೂಜಿಯೊಂದು ಮುಚ್ಚಳ ತೆರೆದು ನಿಂತಿತ್ತು. ಅವನು ಖುಷಿಯಲ್ಲಿ ಕೂಗಿದ: "ಅಕ್ಕಾ, ಬಾ ಇಲ್ಲಿ, ಬಾಯಿ ಬಿಟ್ಟಿದೆ!"

ಯಾರು ಬರಬೇಕು? ಯಂತ್ರ ಹುಸ್ ಅಂದಿತು.

ಅವತ್ತೇ ಬಸ್ಸಿನಲ್ಲಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದೂರಿಗೆ ಹೋದ. ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಅನ್ನ ಕುದಿಯುತ್ತಿತ್ತು.

"ಅಕ್ಕಾ, ಹಾಗನ್ನಬಾರದಿತ್ತು. ತಪ್ಪಾಯ್ತು. ಮನೆಗೆ ಬಾ."

ಅಕ್ಕ ಮೊದಲು ಗಿಡ ನೋಡಿದಳು. "ಮಳೆ ನೀರೇ ತಾನೆ ಹಾಕಿದ್ದು?"

"ಹ್ಞೂಂ."

"ಗಿಡ ಇಲ್ಲಿರಲಿ. ನಾನು ಬರಲ್ಲ ಕಣೋ. ಇರೋದು ಒಂದೇ ಕಿಟಕಿ, ಅದನ್ನ ಮುಚ್ಚಿಸ್ತೀನಿ ಅನ್ನೋರು ಇಲ್ಲಿಲ್ಲ." ಆಮೇಲೆ ಪಾತ್ರೆಯ ಕಡೆ ನೋಡಿದಳು. "ನೀನು ಬರ್ತೀಯ ಅಂತ ಗೊತ್ತಿರಲಿಲ್ಲ, ಒಬ್ಬಳಿಗೇ ಇಟ್ಟಿದ್ದೀನಿ. ಕೈಕಾಲು ತೊಳ್ಕೋ. ಅರ್ಧರ್ಧ ಉಣ್ಣೋಣ."

ಅರ್ಧ ಹೊಟ್ಟೆ ಉಂಡು, ಸಂಜೆ ಅವನು ಅದೇ ದೊಡ್ಡ ಮನೆಗೆ ಒಬ್ಬನೇ ಮರಳಿದ. ಕಿಟಕಿಯಲ್ಲಿ ಬರೀ ಕೊಕ್ಕೆ.

ಅಕ್ಕ ಬರಬೇಕಿತ್ತು ಅನ್ನಿಸುತ್ತಲ್ಲವೇ? ನನಗೂ ಅನ್ನಿಸುತ್ತದೆ. ಆದರೆ ಆಡಿದ ಮಾತು ತಾನಾಗಿ ಹಿಂದಕ್ಕೆ ಬರುವುದಿಲ್ಲ ತಾಯಂದಿರೇ, ಅಣ್ಣಂದಿರೇ. ಅದು ಎಷ್ಟು ದೂರ ಹೋಗಿದೆಯೋ ಅಷ್ಟು ದೂರ ನಾವೇ ನಡೆಯಬೇಕು.

ನೀವೇನು ಮಾಡಬೇಕು? ಇವತ್ತು ಮನೆಗೆ ಹೋದಾಗ ಒಳಗಿನಿಂದ ಯಾರಾದರೂ 'ಬಾ ಇಲ್ಲಿ, ನೋಡು' ಅಂತ ಕರೆದರೆ, ಮೊಗ್ಗು ಬಿಟ್ಟಿದ್ದಕ್ಕೋ ದೋಸೆ ಚೆನ್ನಾಗಿ ಎದ್ದಿದ್ದಕ್ಕೋ ಕರೆದರೆ, ಕೈಯಲ್ಲಿರುವುದನ್ನು ಕೆಳಗಿಟ್ಟು ಎದ್ದುಹೋಗಿ. 'ಆಮೇಲೆ' ಅನ್ನಬೇಡಿ. 'ಮನೆ ನಂದು' ಅನ್ನುವ ಮಾತು ನಾಲಿಗೆಗೆ ಬಂದರೆ ನುಂಗಿ, ಹೂಜಿ ಗಿಡ ನೊಣ ನುಂಗಿದ ಹಾಗೆ ನುಂಗಿ. ಆಗಲೇ ಅಂದುಬಿಟ್ಟಿದ್ದೀರಾ? ಹಾಗಾದರೆ ಹಬೆ ಬಿಡುವ ಯಂತ್ರ ಹುಡುಕುತ್ತಾ ಕೂರಬೇಡಿ. ಹೊರಡಿ. ಅವರು ತಮ್ಮೊಬ್ಬರಿಗೇ ಅಂತ ಅಕ್ಕಿ ಅಳೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲಿ.