ಮಿಲ್ಲಿನ ಸೈರನ್ ಕೂಗದ ದಿನ

"ಸೈರನ್ ಕೆಟ್ಟೈತೆ ಅಂತ ಹೇಳಾಕೆ ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ, ಸಾಬಣ್ಣ?"

ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಮಾಯಕೊಂಡದ ಬಸ್ಸಿಗೆ ಕಾಯುತ್ತ ಕೂತಿದ್ದ ಪಾಲಯ್ಯ ಬೆಚ್ಚಿಬಿದ್ದ. ಪಕ್ಕದ ಹರಿಹರದ ಸಾಲಿನಲ್ಲಿ ರಸ್ತೆ ಕೆಲಸದ ಮೇಸ್ತ್ರಿ ಜಂಬಯ್ಯ, ಮಿಲ್ಲಿನ ಗೇಟು ಕಾಯುವ ಮಕ್ತುಮ್ ಸಾಬನ ಮೇಲೆ ಹರಿಹಾಯುತ್ತಿದ್ದ.

"ಬೆಳಿಗ್ಗೇನೇ ನಿಮ್ಮ ಆಫೀಸಿಗೆ ಹೇಳಿ ಕಳಿಸೀವಣ್ಣ."

"ಆಫೀಸು ಹರಿಹರದ ರಸ್ತೆ ತಿರುವಿನ ಗುಂಡಿಗಿಳಿದು ಮಣ್ಣು ತೋಡ್ತೈತಾ? ಸೈರನ್ ಕೂಗಿಸಿ ಲಾರಿ ಬಿಡ್ತೀವಿ, ಆಗ ಆಳು ಮೇಲೆ ಹತ್ತಲಿ ಅಂತ ನಿಮ್ಮ ಮಾಲೀಕರು, ಸರ್ಕಾರದ ಇಂಜಿನಿಯರು ಕೂತು ಒಪ್ಪಿದ್ದು ಯಾತಕ್ಕೆ?"

"ತಿರುವಿನಾಗೆ ಕೆಂಪು ಬಾವುಟ ಹಿಡಿಯೋನು ಇರ್ತಾನಲ್ಲ?"

"ಸೈರನ್ ಐತಲ್ಲ ಅಂತ ಅವನನ್ನ ನಾನೇ ಮಣ್ಣು ಹೊರಾಕೆ ಹಚ್ಚೀನಿ." ಜಂಬಯ್ಯನ ದನಿ ಬಿತ್ತು. "ನನ್ನ ಹೆಂಡ್ತೀನೂ ಗುಂಡಿಯಾಗೆ ಅದಾಳೆ. ಲಾರಿ ಹೊಂಟ್ವಾ?"

"ನಾ ಬರೋವಾಗ ಲೋಡಿಗೆ ಹಗ್ಗ ಬಿಗೀತಿದ್ರು."

"ಮತ್ತೆ ನನ್ನ ಮುಖ ಏನು ನೋಡ್ತೀಯ? ಓಡು, ಗೇಟು ಹಾಕ್ಸು!"

"ಹಾಕ್ಸಿ ಬಂದು ಹೇಳ್ತೀನಿ, ಇಲ್ಲೇ ಇರು," ಎಂದು ಮಕ್ತುಮ್ ಸಾಬ್ ಚಪ್ಪಲಿ ಕೈಗೆತ್ತಿಕೊಂಡು ಓಡಿದ.

ಹರಿಹರದ ಬಸ್ಸು ಬಂದು ತುಂಬಿತು. ಸಾಬ್ ಬರಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಜಂಬಯ್ಯ ಮಿಲ್ಲಿನ ದಾರಿಯನ್ನೇ ನೋಡಿದ. ಕಂಡಕ್ಟರ್ ಬೈದ ಮೇಲೆ ಹತ್ತಿದ.

"ಡ್ರೈವರಣ್ಣ, ಕೈ ಮುಗೀತೀನಿ. ಊರು ದಾಟುತ್ಲೇ ಹಾರನ್ ಒತ್ರಿ, ತಿರುವು ಬರೋಗಂಟ ಬಿಡಬ್ಯಾಡ್ರಿ. ಸದ್ದು ಕೇಳಿ ಗುಂಡಿಯಾಗಿನ ಆಳು ಮೇಲೆ ಬರ್ತಾರೆ."

"ಇದೇನು ಮದುವೆ ದಿಬ್ಬಣನಾ?"

ಬಸ್ಸು ಹೊರಟುಹೋಯಿತು. ಸ್ವಲ್ಪ ಹೊತ್ತಿನಲ್ಲಿ ಹರಿಹರದ ರಸ್ತೆಯ ಕಡೆಯಿಂದ ಹಾರನ್ ಶುರುವಾಯಿತು. ಅದು ಉಸಿರು ಕಟ್ಟಿ ಅಳುವ ಮಗುವಿನಂತೆ ಎಡೆಬಿಡದೆ ಕೂಗುತ್ತ ದೂರವಾಗುವುದನ್ನು ಪಾಲಯ್ಯ ಎದ್ದು ನಿಂತು ಕೇಳಿದ.