ಮಾಳಿಗೆಯ ಮೇಲಿನ ಮೆಣಸಿನಕಾಯಿ

ಹೆಸರು ಖತೀಜಾ ಬೇಗಂ, ಗಂಡ ದಿವಂಗತ ಗೌಸೋದ್ದೀನ, ವಯಸ್ಸು ೩೮, ಉದ್ಯೋಗ ಚಿಮಣಿ ಎಣ್ಣೆ (ಸೀಮೆಎಣ್ಣೆ) ಮಾರಾಟ, ವಾಸ ಸಂತಪುರ, ಔರಾದ ತಾಲೂಕು, ಬೀದರ ಜಿಲ್ಲೆ, ಹೈದರಾಬಾದ್ ರಾಜ್ಯ. ಠಾಣೆಗೆ ಕರೆಸಿ ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ:

ನನ್ನ ತವರು ಭಾಲ್ಕಿ ತಾಲೂಕಿನ ಮೆಹಕರ. ೧೯೪೮ರ ಪೊಲೀಸ್ ಆಕ್ಷನ್ ಗದ್ದಲದಲ್ಲಿ ಗಂಡನನ್ನು ಕಳೆದುಕೊಂಡು ಅಲ್ಲಿಂದ ಸಂತಪುರಕ್ಕೆ ಬಂದೆ. ಅಕ್ಕ ಅನ್ವರಿ ಬೇಗಂ ಅಪ್ಪನ ಮನೆ ಬಿಟ್ಟು ಬರಲಿಲ್ಲ. ಹೋಗಿಬಂದವರಲ್ಲಿ ಒಬ್ಬರು ಬಾಗಿಲು ಮುಚ್ಚಿದೆ ಎಂದರು, ಇನ್ನೊಬ್ಬರು ಅವಳು ತೀರಿಕೊಂಡಳು ಎಂದರು. ನಾನೇ ಹೋಗೋಣವೆಂದರೆ ಆ ದಾರಿಗೆ ಕಾಲು ಏಳುವುದಿಲ್ಲ. ಅವಳ ನೆನಪಾಗದ ದಿನವಿಲ್ಲ.

ಇದೇ ತಿಂಗಳು ೧೦ನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ, ನನ್ನ ಅಂಗಡಿಯಿಂದ ಇನ್ನೂರು ಗಜ ದೂರದ ಮಡೆಪ್ಪನವರ ಹೊಲದಲ್ಲಿ ಮಿಲಿಟರಿ ಹೆಲಿಕಾಪ್ಟರ್ ಇಳಿಯಿತು. ಅದಕ್ಕೆ ನಾಲ್ಕು ಕೊಳವೆ, ಒಂದೇ ಕುರ್ಚಿ, ಸುತ್ತ ಮರೆ ಏನೂ ಇಲ್ಲ. ಇದರ ಹೊಟ್ಟೆಯಲ್ಲಿ ಇಂಜಿನ್ ಇಲ್ಲ, ರೆಕ್ಕೆಗಳ ತುದಿಯಲ್ಲಿ ಬೆಂಕಿ ಉರಿದು ಅದರ ರಭಸಕ್ಕೇ ರೆಕ್ಕೆ ತಿರುಗುತ್ತದೆ, ಪರೀಕ್ಷೆಗೆ ಬೀದರಿನಿಂದ ತಂದಿದ್ದೇನೆ ಎಂದು ಹಾರಿಸುವ ಸಾಹೇಬರು ಹೇಳಿದರು. ಎಣ್ಣೆ ತೀರಿತ್ತು. ಮಡೆಪ್ಪನವರು, "ಖತೀಜಾಬೀ, ಮಿಲಿಟರಿ ವಿಮಾನಕ್ಕೂ ನಿಮ್ಮ ಚಿಮಣಿ ಎಣ್ಣಿನೇ ಬೇಕಾತು ನೋಡ್ರಿ" ಎಂದು ನಕ್ಕರು.

ಎಣ್ಣೆ ಕೊಟ್ಟು, ದುಡ್ಡು ಬೇಡವೆಂದೆ. ಬದಲಿಗೆ ಮೆಹಕರದಲ್ಲಿ ಎರಡು ದಾಳಿಂಬೆ ಗಿಡದ ಅಂಗಳವಿರುವ ಮನೆಯ ಮಾಳಿಗೆ ನೋಡಿರಿ, ಅಕ್ಕ ಇದ್ದರೆ ಈ ದಿನಗಳಲ್ಲಿ ಮೆಣಸಿನಕಾಯಿ ಒಣಹಾಕದೆ ಇರುವವಳಲ್ಲ, ಕೆಂಪು ಕಂಡರೆ ಸಂತಪುರದ ಮೇಲೆ ಒಂದು ಸುತ್ತು ಹಾಕಿರಿ ಎಂದೆ. ಸಾಹೇಬರು ಆಗಲಿ ಎಂದರು.

ಸಂಜೆಯವರೆಗೆ ಆಕಾಶ ನೋಡುತ್ತ ಕುಳಿತೆ. ಅವರು ಬರಲಿಲ್ಲ. ಅಕ್ಕ ಹೋದಳೆಂದು ತಿಳಿದು ಅತ್ತೆ. ಆ ದಿನದಿಂದ ಒಲೆ ಹಚ್ಚಿಲ್ಲ.

ಇಂದು ಠಾಣೆಗೆ ಬಂದಾಗ ಫೌಜದಾರರು ಮೆಹಕರದಿಂದ ಬಂದ ಒಂದು ದೂರಿನ ವಿಷಯ ತಿಳಿಸಿದರು. ಹೆಲಿಕಾಪ್ಟರ್ ಮೆಹಕರದಲ್ಲಿ ಒಂದು ಮಾಳಿಗೆಗೆ ತೀರ ಹತ್ತಿರ ಬಂದು ಒಣಗಿದ ಮೆಣಸಿನಕಾಯಿಯನ್ನೆಲ್ಲ ಓಣಿಗೆ ಹಾರಿಸಿದೆ, ಘಾಟಿಗೆ ಸಾಹೇಬರ ಕಣ್ಣು ಉರಿದು ಅವರು ಸೀದಾ ಬೀದರಿಗೆ ಹೋಗಿದ್ದಾರೆ, ದಾರಿ ಬಿಟ್ಟದ್ದಕ್ಕೆ ಅವರ ಮೇಲೆ ವಿಚಾರಣೆ ನಡೆದಿದೆ, ನಾನು ಎಣ್ಣೆ ಕೊಟ್ಟ ಮಾತೂ ಅದರಲ್ಲಿ ಬಂದಿದೆ ಎಂದರು. ದೂರು ಕೊಟ್ಟವಳು, "ಇಷ್ಟು ದೊಡ್ಡ ಆಕಾಶದಾಗ ಜಾಗಾ ಸಾಲಲಿಲ್ಲೇನು, ನನ್ನ ಮಾಳಿಗಿನೇ ಬೇಕಾಗಿತ್ತಾ?" ಎಂದು ಪೊಲೀಸರನ್ನೇ ಬೈದಳಂತೆ. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಅಕ್ಕನೇ.

ಸಾಹೇಬರದು ತಪ್ಪಿಲ್ಲ, ಕಳಿಸಿದವಳು ನಾನು. ಅಕ್ಕನಿಗೆ ಆದ ನಷ್ಟಕ್ಕೆ ಮೆಣಸಿನಕಾಯಿ ಕೊಡಲು ಒಪ್ಪಿದ್ದೇನೆ. ಠಾಣೆಯ ಮೂಲಕ ಕಳಿಸಲು ಒಪ್ಪುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ಹೊತ್ತು ಒಯ್ಯುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಔರಾದ
ತಾರೀಖು: ೧೩-೩-೧೯೫೩
ಖತೀಜಾ ಬೇಗಂ, ಎಡಗೈ ಹೆಬ್ಬೆಟ್ಟು