ಕುಂಕುಮವಿಟ್ಟ ಸ್ವಿಚ್ಚು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ವಿದ್ಯುತ್ ಇಲಾಖೆಯಿಂದ ಬಂದಿರುವ ಅತಿಥಿಗಳೇ, ಜಿಲ್ಲೆಯ ಮೂಲೆಮೂಲೆಯಿಂದ ಅಂಗಡಿಗೆ ಬೇಗ ಬಾಗಿಲು ಹಾಕಿ ಮಡಿಕೇರಿಗೆ ಬಂದಿರುವ ವರ್ತಕ ಬಂಧುಗಳೇ, ಕೊನೆಯ ಸಾಲಿನಲ್ಲಿ ನನ್ನ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವ ನನ್ನ ಅಮ್ಮನೂ ಸೇರಿದಂತೆ ಎಲ್ಲ ಸಭಿಕರೇ,

ಇವತ್ತು ಬೆಳಗಿನ ಜಾವ ನಾಲ್ಕು ಗಂಟೆಗೆ ಒಂದು ಸದ್ದಿಗೆ ನನಗೆ ಎಚ್ಚರವಾಯಿತು. ಸದ್ದು ಅಂದರೆ, ಸದ್ದು ನಿಂತ ಸದ್ದು. ಗುರ್ ಎನ್ನುತ್ತಿದ್ದ ಮನೆಯ ಫ್ರಿಡ್ಜ್ ಟಕ್ಕೆಂದು ನಿಂತಿತು. ತಣ್ಣಗಾದ ಮೇಲೆ ಫ್ರಿಡ್ಜ್ ತಾನಾಗಿ ನಿಲ್ಲುತ್ತದೆ, ಬೇಕಾದಾಗ ತಾನಾಗಿ ಶುರುವಾಗುತ್ತದೆ. ಅದು ನನಗೂ ಗೊತ್ತು. ಬಿ.ಎಸ್ಸಿ. ಓದಿದವಳು, ಫಿಸಿಕ್ಸೂ ಇತ್ತು. ಆದರೂ ಎದ್ದು ಹೋಗಿ, ಬಾಗಿಲು ತೆಗೆದು, ಒಳಗೆ ದೀಪ ಹತ್ತುತ್ತದಾ ನೋಡಿ, ಮುಚ್ಚಿ, ಮತ್ತೆ ತೆಗೆದು ನೋಡಿದೆ. ಹೀಗೆ ಸುಮ್ಮಸುಮ್ಮನೆ ಫ್ರಿಡ್ಜ್ ತೆಗೆಯುವುದು ವಿದ್ಯುತ್ ಪೋಲು ಮಾಡುವ ಮೊದಲ ದಾರಿ ಎಂದು ನಿಮ್ಮ ಕೈಯಲ್ಲಿರುವ ಕರಪತ್ರದಲ್ಲಿದೆ. ಅದನ್ನು ಬರೆದವಳೂ ನಾನೇ. ನಗಬಹುದು, ಪರವಾಗಿಲ್ಲ. ಮಗುವಿಗೆ ಐದು ತಿಂಗಳು. ಯಜಮಾನರು ತಿತಿಮತಿಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು, ಭಾನುವಾರ ಮಾತ್ರ ಬರುತ್ತಾರೆ. ನಿದ್ದೆ ಎಂಬುದನ್ನು ನಾನು ಈಚೆಗೆ ಬೇರೆಯವರ ಮುಖದಲ್ಲಿ ಮಾತ್ರ ನೋಡಿದ್ದೇನೆ.

ನಾನು ಏನು ಹೇಳುತ್ತಿದ್ದೆ? ಹಾಂ. ನಾನು ದಿವ್ಯಶ್ರೀ. ಸೋಮವಾರಪೇಟೆ ಬಸ್ ಸ್ಟ್ಯಾಂಡ್ ಹಿಂದಿನ ಕಾಂಪ್ಲೆಕ್ಸಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಕರೆಂಟು ಉಳಿಸಿದ್ದಕ್ಕೆ ಇಂದು ನಮ್ಮ ಕಾಂಪ್ಲೆಕ್ಸಿಗೆ ಸನ್ಮಾನ. ಈ ಶಾಲು ನನ್ನ ಹೆಗಲ ಮೇಲಿದ್ದರೂ ಅದು ಇಡೀ ಕಟ್ಟಡದ್ದು.

ಒಂದು ಕಟ್ಟಡಕ್ಕೆ ಎಷ್ಟು ಕರೆಂಟು ಬೇಕು? ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಅದನ್ನು ಒಂದು ಕಟ್ಟಡ ಎಂದುಕೊಂಡಿರಲಿಲ್ಲ. ಮೂರು ಅಂಗಡಿಗೆ ಮೂರು ಡೀಪ್ ಫ್ರೀಜರ್. ಒಂದರಲ್ಲಿ ಐಸ್‌ಕ್ರೀಮು, ಇನ್ನೊಂದರಲ್ಲಿ ಅರ್ಧ ಐಸ್‌ಕ್ರೀಮು, ಮತ್ತೊಂದರಲ್ಲಿ ಬೇಕರಿ ವನಜಮ್ಮನವರ ಮನೆಯ ಮೀನು. ನೋಡುವವರೇ ಇಲ್ಲದ ರಾತ್ರಿಯಲ್ಲೂ ಅಂಗಡಿಗಳ ಹೆಸರಿನ ಬೋರ್ಡುಗಳು ಮಂಜಿಗೆ ಹೊಳೆದು ತೋರಿಸುತ್ತಿದ್ದವು. ಎಲ್ಲರೂ ಸೇರಿ ಏನಾದರೂ ಮಾಡೋಣ ಎಂದಾಗ ಕಟ್ಟಡದ ಮಾಲೀಕರಾದ ಸಣ್ಣಸ್ವಾಮಿಯವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಅವರವರ ಮೀಟರು ಅವರವರಿಗೆ ಮೇಡಂ. ಒಬ್ಬರ ಒಲೆಯಿಂದ ಇನ್ನೊಬ್ಬರು ಸೌದೆ ಎಳ್ದಂಗಾಯ್ತದೆ. ಆಮೇಲೆ ಜಗಳ ಬಿಡಿಸಾಕೆ ನಾನೇ ಬರಬೇಕು."

ಜಗಳವಾಗಲಿಲ್ಲ. ಆಯಿತು, ಸ್ವಲ್ಪ ಆಯಿತು. ಆದರೆ ಮೂರು ಫ್ರೀಜರ್ ಒಂದಾಯಿತು, ಮೀನು ಮನೆಗೆ ಹೋಯಿತು. ಮೆಟ್ಟಿಲ ಕೆಳಗಿನ ಸ್ವಿಚ್ ಬೋರ್ಡಿಗೆ ಪ್ರತಿ ಅಂಗಡಿಯ ಲೈನ್ ತಂದು, ಕೆಳಗೆ ತಳ್ಳಿದರೆ ಆರುವಂಥ ಸ್ವಿಚ್ಚು ಹಾಕಿಸಿ, ಬಾಗಿಲು ಹಾಕುವ ಹೊತ್ತಿಗೆ ಒಬ್ಬರೇ ಎಲ್ಲವನ್ನೂ ಆರಿಸುವುದು ಎಂದು ಪಾಳಿ ಮಾಡಿದೆವು. ಎರಡನ್ನು ಮಾತ್ರ ಆರಿಸಕೂಡದು. ಒಂದು ಆ ಫ್ರೀಜರ್, ಇನ್ನೊಂದು ಮೆಡಿಕಲ್ ಅಂಗಡಿ ಅಶ್ವಥ್ ಅವರ ಔಷಧಿ ಫ್ರಿಡ್ಜ್. ಕರೆಂಟು ಹೋದರೆ ಜನರೇಟರ್ ಇದೆ. ಲೈನನ್ನೇ ಆರಿಸಿಬಿಟ್ಟರೆ ಜನರೇಟರ್ ತಾನೇ ಏನು ಮಾಡೀತು?

ಗುರುತಿಗೆ ಸ್ಟಿಕ್ಕರ್ ಹಚ್ಚಿದೆವು, ಮಳೆಗಾಲದ ಥಂಡಿಗೆ ಉದುರಿತು. ಪೆನ್ನಿನಲ್ಲಿ ಬರೆದೆವು, ಇಳಿದುಹೋಯಿತು. ಆಗ ವನಜಮ್ಮ ಎಣ್ಣೆಯಲ್ಲಿ ಕುಂಕುಮ ಕಲಸಿಕೊಂಡು ಬಂದು ಆ ಎರಡು ಸ್ವಿಚ್ಚಿಗೆ ಬೊಟ್ಟಿಟ್ಟರು. "ಕುಂಕುಮ ಇಟ್ಟಿದ್ದನ್ನ ಯಾರವ್ವ ಆರಿಸ್ತಾರೆ? ಕೈಯಾದ್ರೂ ಹೋದಾತ?" ಎಂದರು. ಹೋಗಲಿಲ್ಲ. ಇಡೀ ಮಳೆಗಾಲ ಒಬ್ಬರ ಕೈಯೂ ಹೋಗಲಿಲ್ಲ.

ಸಹಕಾರ ಎಂದರೆ ಏನು? ಒಂದು ಉದಾಹರಣೆ ಹೇಳುತ್ತೇನೆ. ಹೋದ ತಿಂಗಳು ನನ್ನ ಪಾಳಿಯ ದಿನ ನಾನು ಮೇಲಿನ ಮಹಡಿಯ ಲೈನ್ ಆರಿಸದೆ ಮನೆಗೆ ಹೋಗಿದ್ದೆ. ವನಜಮ್ಮ ಕಂಡು, ತಾವೇ ಆರಿಸಿ, ಸುಮ್ಮನಿದ್ದರು. ಬೇರೆಯವರು ಹೇಳಿದ ಮೇಲೆ ನಾನು ಹೋಗಿ ಕೇಳಿದರೆ, "ಹಸುಗೂಸಿನ ತಾಯಿ, ಮರ್ತಿದ್ದೀಯ, ಅದನ್ನೇನು ಡಂಗುರ ಹೊಡೀಲಾ?" ಎಂದರು. ಇದಲ್ಲವೇ ಸಹಕಾರ? ಚಪ್ಪಾಳೆ ಅವರಿಗೆ ಸಲ್ಲಬೇಕು. ಅಗೋ ಅಲ್ಲಿದ್ದಾರೆ, ಹಸಿರು ಸೀರೆ.

ಈಗ ನನ್ನ ಹಿಂದಿರುವ ಈ ದೊಡ್ಡ ಫ್ಲೆಕ್ಸ್ ನೋಡಿ. ಅದು ನಮ್ಮ ಬೋರ್ಡು. ಹೋದ ವಾರ ಆಯುಧಪೂಜೆಯ ದಿನ ನಾನೇ ತೆಗೆದ ಫೋಟೋ. ಕಾಂಪ್ಲೆಕ್ಸನ್ನೆಲ್ಲ ತೊಳೆದು, ತಕ್ಕಡಿಗೆ, ಜೆರಾಕ್ಸ್ ಮೆಷಿನ್ನಿಗೆ, ಬೇಕರಿಯ ಒಲೆಗೆ ಪೂಜೆ ಮಾಡಿದೆವು. "ಕರೆಂಟೂ ಆಯುಧಾನೇ ಅಲ್ವ?" ಎಂದು ವನಜಮ್ಮ ಬೋರ್ಡಿಗೂ ಚೆಂಡುಹೂ ಸಿಕ್ಕಿಸಿ, ಎಷ್ಟು ಚಂದ ನೋಡಿ, ಒಂದೊಂದು ಸ್ವಿಚ್ಚಿಗೂ ಸಾಲಾಗಿ...

ಒಂದೊಂದು ಸ್ವಿಚ್ಚಿಗೂ.

ಒಂದು ನಿಮಿಷ.

ಕ್ಷಮಿಸಿ, ನೀರು ಬೇಡ. ನಾನು ಸರಿಯಾಗಿ ಯೋಚಿಸಬೇಕು. ಎಲ್ಲದಕ್ಕೂ ಕುಂಕುಮವಿದೆ. ಹಬ್ಬ ಕಳೆದ ಮೇಲೆ ಪಾಳಿಯಿದ್ದವರು ಅಭ್ಯಾಸಬಲದಿಂದ ಸರಿಯಾಗಿ ಆರಿಸಿರಬೇಕು, ಅವರ ತಲೆ ನೆಟ್ಟಗಿದೆ. ಹಬ್ಬದ ನಂತರ ನನ್ನ ಪಾಳಿ ಇವತ್ತೇ ಮೊದಲು. ಈ ಸನ್ಮಾನಕ್ಕೆಂದು ಮಧ್ಯಾಹ್ನವೇ ಎಲ್ಲರೂ ಬಾಗಿಲು ಹಾಕಿದರು. ಹೊರಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ಮಗ ದಿಗಂತ್ ಸೊಂಟದ ಮೇಲೆ ಅಳುತ್ತಿದ್ದ. ಬೊಟ್ಟಿಲ್ಲದ್ದನ್ನು ಆರಿಸಬೇಕು ಎಂದು ಹೇಳಿಕೊಂಡೇ ಹೋದೆ. ಬೊಟ್ಟಿಲ್ಲದ್ದು ಒಂದೂ ಇರಲಿಲ್ಲವಲ್ಲ! ಹಾಗಾದರೆ ನಾನು ಯಾವುದನ್ನು ಆರಿಸಿದೆ? ಟಕ್ ಟಕ್ ಎಂದು ಕೆಳಗೆ ತಳ್ಳಿದ ನೆನಪು ಬೆರಳಿಗಿದೆ, ತಲೆಗಿಲ್ಲ. ವ್ಯಾನಿನಲ್ಲಿ ಮಗುವಿನ ಕೆನ್ನೆಯ ಮೇಲೆ ಕುಂಕುಮ ಕಂಡಿತು. "ದೃಷ್ಟಿಬೊಟ್ಟು ತಾನಾಗೇ ಆಗ್ಯದೆ ಬಿಡವ್ವ" ಎಂದು ವನಜಮ್ಮ ನಕ್ಕರು. ನಾನೂ ನಕ್ಕೆ. ಹಬ್ಬಕ್ಕೆ ಮುಂಚೆ ಬೆರಳಿಗೆ ಕುಂಕುಮ ಹತ್ತಿದ್ದರೆ ಮುಟ್ಟಬಾರದ್ದನ್ನು ಮುಟ್ಟಿದೆನೆಂದು ಆಗಲೇ ಗೊತ್ತಾಗಿಬಿಡುತ್ತಿತ್ತು.

ಫ್ರೀಜರ್ ಹಾಳಾಗಲಿ, ಐಸ್‌ಕ್ರೀಮು ಕರಗಿದರೆ ಕರಗಲಿ. ಆ ಔಷಧಿ ಫ್ರಿಡ್ಜಿನಲ್ಲಿ ನಾಳೆಯ ಚುಚ್ಚುಮದ್ದಿದೆ. ನಾಳೆ ನಮ್ಮ ಕಾಂಪ್ಲೆಕ್ಸಿನ ಮೇಲಿನ ಮಹಡಿಯ ಕ್ಲಿನಿಕ್ಕಿಗೆ ಮೈಸೂರಿನಿಂದ ಮಕ್ಕಳ ಡಾಕ್ಟರು ಬರುವ ದಿನ. ಸುತ್ತಲ ಊರುಗಳಿಂದ ತಾಯಂದಿರು ಮೊದಲ ಬಸ್ಸಿಗೇ ಹತ್ತುತ್ತಾರೆ. ನನ್ನ ದಿಗಂತನಿಗೂ ನಾಳೆಯೇ. ಹಾಲು ಒಡೆದರೆ ವಾಸನೆ ಬರುತ್ತದೆ. ಚುಚ್ಚುಮದ್ದು ಕೆಟ್ಟರೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಅಳುವ ಮಗುವಿಗೆ ಚುಚ್ಚುತ್ತಾರೆ, ತಾಯಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಒಳಗೆ ಹೋದದ್ದು ಬರೀ ನೀರು!

ಅಶ್ವಥ್ ತಮ್ಮ ಮಾವನವರ ಆಪರೇಷನ್ನಿಗೆ ಮೈಸೂರಿಗೆ ಹೋಗಿದ್ದಾರೆ. ಬೆಳಿಗ್ಗೆ ಫೋನಿನಲ್ಲಿ, "ಅಕ್ಕ, ಇವತ್ತು ನಿಮ್ಮ ಪಾಳಿ ಅಂತ ಧೈರ್ಯವಾಗಿದೀನಿ" ಎಂದಿದ್ದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಮಂಜಿನಲ್ಲಿ ಮಗುವನ್ನು ಕರೆದುಕೊಂಡು ಹೋಗುವುದು ಬೇಡವೆಂದು ಈ ರಾತ್ರಿ ನಾನು ಇಲ್ಲೇ ಅಮ್ಮನ ಮನೆಯಲ್ಲಿ ಇರುತ್ತೇನೆ. ಊಟವಾದ ಮೇಲೆ ವ್ಯಾನ್ ಸೋಮವಾರಪೇಟೆಗೆ ಹೊರಡುತ್ತದೆ. ಸಣ್ಣಸ್ವಾಮಿಯವರೇ, ಮೆಟ್ಟಿಲ ಬಾಗಿಲಿನ ಇನ್ನೊಂದು ಕೀ ನಿಮ್ಮಲ್ಲಿದೆ. ಮನೆಗೆ ಹೋಗುವ ಮೊದಲು ಬೋರ್ಡು ನೋಡಿ. ಔಷಧಿ ಫ್ರಿಡ್ಜಿನದು ಎಡದಿಂದ ಎರಡನೆಯದು.

ವನಜಮ್ಮ, ನಿಮಗೆ ಬೇರೆಯಾಗಿ ಹೇಳುತ್ತೇನೆ. ಅದು ಆರಿದ್ದರೆ ಹಾಕಿ ಸುಮ್ಮನಾಗಬೇಡಿ. ನೀವು ಹಾಗೆಯೇ ಮಾಡುತ್ತೀರಿ, ನನಗೆ ಗೊತ್ತು. ಪಾಪ, ಹಸುಗೂಸಿನ ತಾಯಿ ಎನ್ನುತ್ತೀರಿ. ಬೆಳಿಗ್ಗೆ ನಾನು ಬಂದು ನೋಡಿದರೆ ಸ್ವಿಚ್ಚು ಮೇಲಿರುತ್ತದೆ, ಫ್ರಿಡ್ಜ್ ತಣ್ಣಗಿರುತ್ತದೆ, ನಾನು ದೇವರಿಗೆ ಕೈಮುಗಿದು ಚುಚ್ಚುಮದ್ದಿಗೆ ಮಗನ ತೊಡೆ ಹಿಡಿದುಕೊಂಡು ಕೂರುತ್ತೇನೆ. ಈಗ ತಾನೇ ನಿಮಗೆ ಚಪ್ಪಾಳೆ ಹೊಡೆಸಿದವಳೇ ಕೇಳುತ್ತಿದ್ದೇನೆ, ಈ ಸಲ ಡಂಗುರ ಹೊಡೆಯಿರಿ. ಡಾಕ್ಟರು, ಅಶ್ವಥ್ ಒಂದೇ ಕಾರಿನಲ್ಲಿ ಬೆಳಗಿನ ಜಾವ ಹೊರಡುತ್ತಾರೆ. ಅಷ್ಟರೊಳಗೆ ಗೊತ್ತಾದರೆ ಅಲ್ಲಿಂದಲೇ ಹೊಸದನ್ನು ಐಸಿನಲ್ಲಿಟ್ಟು ತರುತ್ತಾರೆ.

ಈ ಶಾಲಿಗೆ, ನಿಮ್ಮ ತಾಳ್ಮೆಗೆ ನಾನು ಋಣಿ. ಎಲ್ಲರಿಗೂ ಕೈಮುಗಿದು ನಮಸ್ಕಾರ. ಆನ್ ಆಗಿದ್ದರೂ ಸರಿ, ಆರಿದ್ದರೂ ಸರಿ, ನನಗೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಮಾಡಿ, ನಾನು ಎದ್ದೇ ಇರುತ್ತೇನೆ. ದಮ್ಮಯ್ಯ, ಬೆಳಗಾಗುವ ಮೊದಲು ಮಾಡಿ.